ಶಂಕಿತ ಹೂರಣ

ಪೂರ್ತಿ ಸುಳ್ಳು ಹೇಳಿದವನು ಹೇಗೋ ತಪ್ಪಿಸಿಕೊಳ್ಳುತ್ತಾನೆ. ಅರ್ಧ ನಿಜ ಹೇಳಿದವನ ಮನೆಗೆ ಮಾತ್ರ ನೆಂಟರು ಊಟಕ್ಕೆ ಬಂದೇ ಬರುತ್ತಾರೆ. ನಮ್ಮ ಕರಪತ್ರದವರಿಗೆ ಆದದ್ದು ಇದೇ.

ಅವರು ನಗರದ ಆಹಾರ ಸುರಕ್ಷತಾ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಇದ್ದಾರೆ ಎನ್ನುವುದು ನಿಜ. ಅಲ್ಲಿ ಅವರ ಕೆಲಸ ಅಚ್ಚಾಗಿ ಬಂದ ಕರಪತ್ರಗಳನ್ನು ಮೂರು ಮಡಿಕೆ ಮಡಿಚಿ, ನೂರರ ಕಟ್ಟು ಕಟ್ಟಿ, ಕೇಳಿದವರಿಗೆ ಕೊಟ್ಟು ಸಹಿ ಹಾಕಿಸಿಕೊಳ್ಳುವುದು ಎನ್ನುವುದೂ ನಿಜ. “ನೊಣ ಮತ್ತು ನೀವು”, “ಹಾಲು ಕಾಯಿಸುವಾಗ”, “ಕೈ ತೊಳೆದಿರಾ?” ಹೀಗೆ ಇಪ್ಪತ್ತಮೂರು ಬಗೆ. ಒಂದನ್ನೂ ಅವರು ಓದಿರಲಿಲ್ಲ; ಮಿಠಾಯಿ ಮಾರುವವನು ಮಿಠಾಯಿ ತಿನ್ನುತ್ತಾನೆಯೇ? ಆದರೆ ಮಡಿಚುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಮರದ ಸ್ಕೇಲಿನಿಂದ ಒಮ್ಮೆ ತೀಡಿದರೆ ಮಡಿಕೆ ಇಸ್ತ್ರಿ ಹಾಕಿದಂತೆ ಕೂರುತ್ತಿತ್ತು. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವರು ಕರಪತ್ರದವರು. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಇಷ್ಟು ಪೂರ್ತಿ ನಿಜ. ಮಾವನಿಗೆ ಫೋನಿನಲ್ಲಿ ಹೇಳಿದ್ದು ಅರ್ಧ.

“ಮಾವ, ಈ ಊರಲ್ಲಿ ಯಾರು ಏನನ್ನ ಹೇಗೆ ಬೇಯಿಸ್ಬೇಕು ಅನ್ನೋದು ನನ್ನ ಟೇಬಲ್ ಮೇಲಿಂದಾನೇ ಹೊರಗೆ ಹೋಗ್ಬೇಕು, ಗೊತ್ತಾ?”

ಆ ಕಡೆಯಿಂದ ಅದನ್ನೇ ಇನ್ನೊಮ್ಮೆ ಹೇಳಿಸಿದರು. ಆಮೇಲೆ ಮಾವ, “ಹಂಗಾದ್ರೆ ಭಾನುವಾರ ಬರ್ತೀನಿ. ಊಟಕ್ಕೇ ಬರ್ತೀನಿ,” ಎಂದರು.

ಪಕ್ಕದಲ್ಲೇ ನಿಂತು ಕಿವಿಗೊಟ್ಟಿದ್ದ ಹೆಂಡತಿಯ ಕಣ್ಣು ತುಂಬಿ ಬಂತು. ಅದಕ್ಕೆ ಕಾರಣವಿತ್ತು. ಮಾವ ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮೇಲ್ವಿಚಾರಕರಾಗಿದ್ದವರು. ಆರು ವರ್ಷದ ಹಿಂದೆ ಇದೇ ಮನೆಯಲ್ಲಿ ಮಗಳು ಆಸೆಪಟ್ಟು ಹೂರಣ ತುಂಬಿದ ಟರ್ಕಿ ಕೋಳಿ ಮಾಡಿದ್ದಳು. ತಿಂದ ಮಾವ ಅದೇ ದೊಡ್ಡಾಸ್ಪತ್ರೆ ಸೇರಿ, ಮೂವತ್ತು ವರ್ಷ ತಾವು ರೋಗಿಗಳಿಗೆ ಕೊಟ್ಟ ಉಪ್ಪಿಲ್ಲದ ಬೇಯಿಸಿದ ತರಕಾರಿಯನ್ನು ಮೂರು ದಿನ ತಾವೇ ತಿಂದರು. ಹೊಟ್ಟೆನೋವನ್ನು ಕ್ಷಮಿಸಿದರೂ ಆ ತರಕಾರಿಯನ್ನು ಅವರು ಕ್ಷಮಿಸಲಿಲ್ಲ. ಅಂದಿನಿಂದ ಮಗಳ ಮನೆಗೆ ಬಂದರೆ ಕುಶಲ ಕೇಳಿ, ಕುರ್ಚಿಯ ತುದಿಯಲ್ಲಿ ಕೂತು, ಹಸಿದೇ ಎದ್ದು ಹೋಗುತ್ತಿದ್ದರು. ಒಂದು ಬಿಸ್ಕತ್ತೂ ಮುಟ್ಟುತ್ತಿರಲಿಲ್ಲ. ಅವರು ಹೋದ ಮೇಲೆ ಮಗಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ಅಳುತ್ತಿದ್ದಳು.

“ಅಪ್ಪ ನಮ್ಮನೇಲಿ ಒಂದು ತುತ್ತು ತಿಂದ್ಬಿಡ್ಲಿ ರೀ. ನಂಗೆ ಇನ್ನೇನೂ ಬೇಡ,” ಎಂದಳು ಹೆಂಡತಿ.

“ತುತ್ತಲ್ಲ, ತಟ್ಟೆ ತಿಂತಾರೆ. ನಾನಿಲ್ವಾ?” ಎಂದರು ಕರಪತ್ರದವರು.

ಅದೃಷ್ಟವೂ ಅವರ ಬೆನ್ನಿಗೇ ನಿಂತಂತೆ ಕಂಡಿತು. ಗುರುವಾರ ನೌಕರರ ಸಂಘದವರು ಚೀಟಿ ಎತ್ತಿದಾಗ ಮೊದಲ ಬಹುಮಾನ ಕರಪತ್ರದವರಿಗೇ ಬಂತು. ಆರು ಕಿಲೋ ತೂಕದ, ಮಂಜುಗಟ್ಟಿ ಕಲ್ಲಾಗಿದ್ದ ಟರ್ಕಿ ಕೋಳಿ. ಅದನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಬಂದ ಅವರ ಅಂಗಿ ಹೊಟ್ಟೆಯವರೆಗೂ ಒದ್ದೆಯಾಗಿತ್ತು.

ಕೋಳಿಯನ್ನು ಕಂಡ ಹೆಂಡತಿಯ ಮುಖ ಇಳಿಯಿತು. “ಅಯ್ಯೋ, ಮತ್ತೆ ಇದೇನಾ? ಬೇರೆ ಏನಾದ್ರೂ ಮಾಡೋಣ ರೀ.”

“ಬಿದ್ದಲ್ಲೇ ಎದ್ದು ತೋರಿಸ್ಬೇಕು. ಹೋದ ಸಲ ನೀನು ಎಲ್ಲೋ ಎಡವಟ್ಟು ಮಾಡಿದೀಯ. ಈ ಸಲ ಎಲ್ಲಾ ಇಲಾಖೆ ಪ್ರಕಾರ. ಇಗೋ, ಕರಪತ್ರ ನಂಬರ್ ಹತ್ತೊಂಬತ್ತು: ಹೂರಣ ತುಂಬಿದ ಕೋಳಿ, ಜೋಪಾನ!”

“ಹೋದ ಸಲ ನಾನೂ ಅದನ್ನೇ...”

“ನೀನು ಅಡುಗೆಮನೆ ಕಡೆ ತಲೆ ಹಾಕ್ಬೇಡ. ಅಷ್ಟು ಮಾಡು ಸಾಕು.”

ಹೆಂಡತಿ ಬಾಯಿ ಮುಚ್ಚಿಕೊಂಡಳು. ಆ ಒಂದು ವಾಕ್ಯವನ್ನು ಪೂರ್ತಿ ಮಾಡಲು ಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಗಂಡಂದಿರು ಹೆಂಡತಿಯರ ವಾಕ್ಯಗಳನ್ನು ಪೂರ್ತಿ ಕೇಳುವುದಾದರೆ ಲೋಕದಲ್ಲಿ ಕಥೆಗಳೇ ಇರುವುದಿಲ್ಲ.

ಶುಕ್ರವಾರ ರಜೆ ಹಾಕಿ ಕರಪತ್ರದವರು ಸೊಂಟಕ್ಕೆ ಟವೆಲು ಸುತ್ತಿ ನಿಂತರು. ಕರಪತ್ರದ ಮೇಲ್ಗಡೆಯೇ ಹಬೆಯಾಡುವ ಕೋಳಿಯ ಬಣ್ಣದ ಚಿತ್ರ, ಅದರ ಕೆಳಗೆ ಹೀಗಿತ್ತು: “ಬ್ರೆಡ್ಡಿನ ಚೂರು, ಈರುಳ್ಳಿ, ಅಣಬೆ, ಬೆಣ್ಣೆ, ಮೊಟ್ಟೆ ಸೇರಿಸಿ ಹೂರಣ ಕಲಸಿ. ಕೋಳಿಯ ಒಡಲಿಗೆ ಸಡಿಲವಾಗಿ ತುಂಬಿ. ತುಂಬಿದ ಮೇಲೆ ಒಂದು ನಿಮಿಷವೂ ತಡಮಾಡದೆ...” ಕರಪತ್ರವನ್ನು ಹಿಂದಕ್ಕೆ ತಿರುಗಿಸಿದರು. “...ಎರಡು ದಿನ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಡಿ. ನೀರು ಸೋರದಂತೆ ಅಡಿಯಲ್ಲಿ ತಟ್ಟೆ ಇರಲಿ.” ಆ ಮಡಿಕೆಯನ್ನೂ ಬಿಡಿಸಿದರು. “ಓವನ್ನಿಗೆ ಹಾಕಿ. ಹೂರಣದ ನಟ್ಟನಡುವೆ ಎಪ್ಪತ್ತನಾಲ್ಕು ಡಿಗ್ರಿ ಶಾಖ ಮುಟ್ಟದೆ ಯಾರೂ ತಿನ್ನಕೂಡದು.”

ಹಗಲಿನಷ್ಟು ಸ್ಪಷ್ಟವಾಗಿತ್ತು. ಹೂರಣ ಚೆನ್ನಾಗಿಯೇ ಕಲಸಿದರು. ಆದರೆ ಕಲ್ಲಾದ ಕೋಳಿಯ ಒಡಲಿಗೆ ಕೈ ಹೋಗಬೇಕಲ್ಲ? ಬೆರಳು ಹೋಗಲಿಲ್ಲ, ಚಮಚದ ಹಿಡಿ ಹೋಗಲಿಲ್ಲ. ಕೊನೆಗೆ ಹೆಂಡತಿಯ ಕೂದಲು ಒಣಗಿಸುವ ಯಂತ್ರ ತಂದು ಕೋಳಿಯ ಹೊಟ್ಟೆಗೆ ಮುಕ್ಕಾಲು ಗಂಟೆ ಬಿಸಿಗಾಳಿ ಬಿಟ್ಟು ದಾರಿ ಮಾಡಿದರು. “ಸಡಿಲವಾಗಿ” ಎನ್ನುವ ಮಾತನ್ನು ಮರೆತು, ಪ್ರಯಾಣಕ್ಕೆ ಚೀಲ ತುಂಬುವವರ ಹಾಗೆ ಮುಷ್ಟಿಯಿಂದ ಗುದ್ದಿ ಗುದ್ದಿ ತುಂಬಿದರು. ತುಂಬಿದ್ದು ಹೊರಗೆ ಇಣುಕತೊಡಗಿದಾಗ ಎದುರುಮನೆ ಟೈಲರಮ್ಮನನ್ನು ಕೂಗಿದರು.

ಟೈಲರಮ್ಮ ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ಬಂದಳು. ಕೋಳಿಯನ್ನು ಆಚೀಚೆ ಹೊರಳಿಸಿ ನೋಡಿ, “ಒಂಟಿ ಹೊಲಿಗೆ ಸಾಕಾಗಲ್ಲ ಅಣ್ಣ. ಸೋಫಾಗೆ ಹಾಕ್ತೀವಲ್ಲ, ಜೋಡಿ ಹೊಲಿಗೆ, ಅದೇ ಹಾಕ್ತೀನಿ. ಹತ್ತು ವರ್ಷ ಬಾಳಿಕೆ ಬರುತ್ತೆ,” ಎಂದಳು. ಹತ್ತು ವರ್ಷ ಬಾಳಬೇಕಾದ್ದು ಯಾಕೆಂದು ಅವಳೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಕೋಳಿ ಫ್ರಿಜ್ಜು ಸೇರಿತು. ಇನ್ನು ಉಳಿದದ್ದು ಎಪ್ಪತ್ತನಾಲ್ಕು ಡಿಗ್ರಿ. ಅದನ್ನು ಅಳೆಯುವ ಕಡ್ಡಿ ಕಚೇರಿಯ ಉಗ್ರಾಣದಲ್ಲಿತ್ತು. ಶನಿವಾರ ಕರಪತ್ರದವರು ಉಗ್ರಾಣದವನ ಮುಂದೆ ನಿಂತರು.

“ಸುಮ್ನೆ ಕೊಡೋಕಾಗಲ್ಲ. ಅರ್ಜಿ ತುಂಬಿ,” ಎಂದು ಅವನು ಮೂರು ಪ್ರತಿಯ ಹಾಳೆ ತಳ್ಳಿದ. “ಪದಾರ್ಥ?”

“ಟರ್ಕಿ ಕೋಳಿಯ ಹೂರಣ.”

“ಶಂಕಿತಾನಾ? ಶಂಕಿತ ಅಲ್ಲದಿದ್ರೆ ಕಡ್ಡಿ ಕೊಡಲ್ಲ. ಒಳ್ಳೇ ಪದಾರ್ಥಾನ ಯಾರ್ರೀ ಅಳೀತಾರೆ?”

“ಸರಿ, ಶಂಕಿತ ಅಂತಾನೇ ಹಾಕು.”

“ಸ್ಥಳ?”

ಕರಪತ್ರದವರು ಪ್ರಾಮಾಣಿಕರು. ಮನೆ ವಿಳಾಸ ಬರೆದರು.

“ಇದರಿಂದ ಆಸ್ಪತ್ರೆ ಸೇರಿದವರು ಎಷ್ಟು ಜನ? ಖಾಲಿ ಬಿಡೋ ಹಾಗಿಲ್ಲ.”

ಕರಪತ್ರದವರು ಪೆನ್ನಿನ ತುದಿ ಕಚ್ಚಿ ಯೋಚಿಸಿದರು. ಸೊನ್ನೆ ಬರೆದರೆ ಸುಳ್ಳಾಗುತ್ತದೆ. “ಒಬ್ಬರು” ಎಂದು ಬರೆದರು. ಉಗ್ರಾಣದವನು ಕಡ್ಡಿ ಕೊಟ್ಟು, ಮೊದಲ ಪ್ರತಿ ತಾನಿಟ್ಟುಕೊಂಡು, ಎರಡನೆಯದನ್ನು ಅವರಿಗೆ ಕೊಟ್ಟು, ಮೂರನೆಯದನ್ನು ನಿಯಮದಂತೆ ನಿರೀಕ್ಷಕರ ಪೆಟ್ಟಿಗೆಗೆ ಹಾಕಿದ.

ಭಾನುವಾರ ಬೆಳಿಗ್ಗೆ ಎಂಟಕ್ಕೇ ಕೋಳಿ ಓವನ್ನು ಸೇರಿತು. ಹನ್ನೆರಡಕ್ಕೆ ಸರಿಯಾಗಿ ಮಾವ ಬಂದರು, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಪರೀಕ್ಷೆಗೆ ಬಂದವರ ಮುಖದಲ್ಲಿ. ಮನೆಯೆಲ್ಲ ಘಮಘಮ. ಮಾವನ ಮೂಗು ಒಂದು ಸಲ ಅರಳಿತು. ಅವರು ಅದನ್ನು ಕೂಡಲೇ ಹದ್ದುಬಸ್ತಿಗೆ ತಂದುಕೊಂಡರು. ಮಗಳು ತಟ್ಟೆಯನ್ನು ನಾಲ್ಕನೇ ಸಲ ಒರೆಸುತ್ತ, “ಕೂತ್ಕೋ ಅಪ್ಪಾ. ಇನ್ನೇನು ಆಗೇಹೋಯ್ತು,” ಎಂದಳು.

ಒಂದು ಗಂಟೆಗೆ ಕರಪತ್ರದವರು ಮೇಜಿನ ನಡುವೆ ಕೋಳಿಯನ್ನಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು. ಚಿತ್ರದಲ್ಲಿದ್ದ ಹಾಗೆಯೇ ಹೊಂಬಣ್ಣ. ಅವರು ಕಡ್ಡಿಯನ್ನು ಕೈಗೆತ್ತಿಕೊಂಡು, “ಮಾವ, ಈಗ ನೋಡಿ, ಇಲಾಖೆಯ ಪದ್ಧತಿ...” ಎನ್ನುವುದಕ್ಕೂ ಬಾಗಿಲ ಕರೆಗಂಟೆ ಬಡಿದುಕೊಳ್ಳುವುದಕ್ಕೂ ಸರಿಹೋಯಿತು.

ಹೊರಗೆ ಇಲಾಖೆಯ ವ್ಯಾನು. ಬಾಗಿಲಲ್ಲಿ ಆಹಾರ ನಿರೀಕ್ಷಕರು: ಕಡ್ಡಿಯಂಥ ಆಳು, ಎರಡೂ ಕೈಗೆ ರಬ್ಬರ್ ಗವಸು, ಬಗಲಲ್ಲಿ ಹಳದಿ ಪಟ್ಟಿಯ ಸುರುಳಿ.

“ಯಾರೂ ಏನೂ ನುಂಗಬೇಡಿ!” ಎಂದು ಕೂಗುತ್ತಲೇ ಒಳಗೆ ಬಂದರು. ಯಾರೂ ಏನನ್ನೂ ನುಂಗಿರಲಿಲ್ಲ. ಕರಪತ್ರದವರು ಮಾತ್ರ ಉಗುಳು ನುಂಗಿದರು.

“ಸಾರ್, ನೀವು... ನಮ್ಮನೆಗೆ...”

“ಕರಪತ್ರದವರೇ! ಭೇಷ್! ಸ್ವಂತ ಮನೆ ಮೇಲೇ ದೂರು ಕೊಟ್ಟಿದ್ದೀರಿ. ಇಪ್ಪತ್ತು ವರ್ಷದ ನೌಕರೀಲಿ ಇಂಥ ನಿಷ್ಠೆ ನೋಡಿಲ್ಲ ನಾನು!” ಎಂದು ನಿರೀಕ್ಷಕರು ಗವಸಿನ ಕೈಯಿಂದಲೇ ಅವರ ಬೆನ್ನು ತಟ್ಟಿದರು. ಎರಡೇ ನಿಮಿಷದಲ್ಲಿ “ದಾಟಬಾರದು” ಎಂದು ಬರೆದ ಹಳದಿ ಪಟ್ಟಿ ಊಟದ ಮೇಜನ್ನು ಸುತ್ತಿಕೊಂಡಿತು. ಮೇಜಿನ ತಲೆಭಾಗದಲ್ಲಿ ಕೂತಿದ್ದ ಮಾವ ಕೋಳಿಯ ಸಮೇತ ಪಟ್ಟಿಯೊಳಗೆ ಸಿಕ್ಕಿಕೊಂಡರು.

ಅಷ್ಟರಲ್ಲಿ ಟೈಲರಮ್ಮ ಓಡಿ ಬಂದಳು. “ಅಯ್ಯಯ್ಯೋ, ಯಾರು ಹೋದ್ರು? ಯಜಮಾನ್ರು ಅಲ್ಲಾಡ್ತಾನೇ ಇಲ್ವಲ್ಲಾ!”

“ನಾನು ಚೆನ್ನಾಗಿದೀನಮ್ಮಾ,” ಎಂದರು ಮಾವ.

“ಹಾಗೇ ಅನ್ನಿಸುತ್ತೆ ಮೊದ್ಮೊದಲು,” ಎಂದು ಅವಳು ಕಣ್ಣೊರೆಸಿಕೊಂಡಳು.

ನಿರೀಕ್ಷಕರು ಅರ್ಜಿಯ ಮೂರನೇ ಪ್ರತಿಯನ್ನು ಬಿಡಿಸಿದರು. “ಈ ಹೂರಣದಿಂದ ಆಸ್ಪತ್ರೆ ಸೇರಿದವರು ಒಬ್ಬರು ಅಂತಿದೆ. ಯಾರು ಅವರು?”

ಮಾವ ನಿಧಾನವಾಗಿ ಎದ್ದು ನಿಂತರು. “ನಾನು.”

“ಹೇಳಿಕೆ ಕೊಡ್ತೀರಾ?”

ಮಾವನ ಮುಖ ಬೆಳಗಿತು. ಆರು ವರ್ಷದಿಂದ ಅವರ ಹೊಟ್ಟೆಯ ಕಥೆಯನ್ನು ಮನೆಯವರು ಕೇಳಿ ಕೇಳಿ ಎದ್ದು ಹೋಗುತ್ತಿದ್ದರು. ಇದೀಗ ಸರಕಾರವೇ ಪೆನ್ನು ಹಿಡಿದು ಎದುರಿಗೆ ನಿಂತಿದೆ!

“ಬರ್ಕೊಳ್ಳಿ. ಆರು ವರ್ಷ ನಾಲ್ಕು ತಿಂಗಳ ಹಿಂದೆ. ಮಧ್ಯಾಹ್ನ ಒಂದೂವರೆಗೆ ತಿಂದೆ. ಸಂಜೆ ಆರು ಇಪ್ಪತ್ತಕ್ಕೆ ಹೊಟ್ಟೆ ಗುಡುಗ್ತು. ಗುಡುಗ್ತು ಅಂತಾನೇ ಬರೀರಿ, ನೋವು ಅಂತ ಬರೀಬೇಡಿ. ಆರು ನಲವತ್ತಕ್ಕೆ...”

“ಆರು ನಲವತ್ತು ಬೇಡ ಅಪ್ಪಾ!” ಎಂದಳು ಮಗಳು.

“ಆರು ನಲವತ್ತು ಬಹಳ ಮುಖ್ಯ,” ಎಂದರು ನಿರೀಕ್ಷಕರು, ಹಾಳೆ ತಿರುವುತ್ತ.

ಆರು ನಲವತ್ತರಿಂದ ಮೂರನೇ ದಿನದವರೆಗೂ ಹೇಳಿಕೆ ಸಾಗಿತು. ಬೇಯಿಸಿದ ತರಕಾರಿಯ ಭಾಗ ಬಂದಾಗ ಟೈಲರಮ್ಮ ಬಿಕ್ಕಿದಳು. ಬಳಿಕ ನಿರೀಕ್ಷಕರು ಕಡ್ಡಿಯನ್ನು ಕೋಳಿಯ ಒಡಲಿಗೆ ಚುಚ್ಚಿದರು. ಅದು ಹೋಗಲಿಲ್ಲ. ಮತ್ತೆ ಚುಚ್ಚಿದರು.

“ಏನ್ರೀ ಇದು, ಗೋಡೆ ಕಟ್ಟಿದ ಹಾಗಿದೆ? ಈ ಹೊಲಿಗೆ ಬಿಚ್ಚಿ.”

“ನನ್ನ ಹೊಲಿಗೆಗೆ ಬೇರೆಯೋರು ಕತ್ತರಿ ಹಾಕೋ ಹಾಗಿಲ್ಲ,” ಎಂದು ಟೈಲರಮ್ಮ ಪಟ್ಟಿ ದಾಟಿ ಬಂದು ತಾನೇ ಬಿಚ್ಚಿಕೊಟ್ಟಳು. ಕಡ್ಡಿ ಒಳಗಿಳಿಯಿತು. ಐದು ಗಂಟೆ ಓವನ್ನಿನಲ್ಲಿದ್ದ ಹೂರಣದ ನಟ್ಟನಡುವೆ ನಲವತ್ತೊಂದು ಡಿಗ್ರಿ.

“ನಲವತ್ತೊಂದು! ಕ್ರಿಮಿಗಳಿಗೆ ಹದವಾದ ಸ್ನಾನದ ನೀರು ಕಾಯಿಸಿಟ್ಟಿದ್ದೀರಿ!” ಎಂದರು ನಿರೀಕ್ಷಕರು. “ಹೂರಣ ತುಂಬಿದ್ದು ಯಾವಾಗ?”

“ಶುಕ್ರವಾರ, ಸಾರ್,” ಎಂದರು ಕರಪತ್ರದವರು.

ನಿರೀಕ್ಷಕರು ಕುರ್ಚಿ ಹಿಡಿದುಕೊಂಡರು. “ಎರಡು ದಿನದ ಹಿಂದೆ? ಓವನ್ನಿಗೆ ಹಾಕೋ ಹೊತ್ತಿಗೆ ಸರಿಯಾಗಿ ತುಂಬ್ಬೇಕು ಕಣ್ರೀ! ಹಸಿ ಕೋಳಿ ಹೊಟ್ಟೇಲಿ ಹಸಿ ಹೂರಣ ಎರಡು ದಿನ! ಯಾವ ಮೂರ್ಖ ಹೇಳಿದ ನಿಮಗೆ?”

“ಇಲಾಖೆ, ಸಾರ್. ಕರಪತ್ರ ನಂಬರ್ ಹತ್ತೊಂಬತ್ತು.”

“ಹಾಗಂತ ನಾವು ಯಾವತ್ತೂ ಅಚ್ಚು ಹಾಕಿಸಿಲ್ಲ!”

“ಹಾಕ್ಸಿದೀರಿ,” ಎಂದಿತು ಒಂದು ಧ್ವನಿ. ಮೂರು ದಿನದಿಂದ ಬಾಯಿ ಮುಚ್ಚಿಕೊಂಡಿದ್ದ ಹೆಂಡತಿ. ಅವಳು ಕಪಾಟಿನಿಂದ ಎಣ್ಣೆ ಕಲೆಯ ಹಳೆಯ ಕರಪತ್ರವೊಂದನ್ನು ತಂದು ಮೇಜಿನ ಮೇಲಿಟ್ಟಳು. “ಆರು ವರ್ಷದ ಹಿಂದೆ ಇವರೇ ತಂದುಕೊಟ್ಟಿದ್ರು. ಅಕ್ಷರ ಅಕ್ಷರ ಇದರಲ್ಲಿದ್ದ ಹಾಗೇ ಮಾಡ್ದೆ. ತುಂಬಿ ಎರಡು ದಿನ ಇಡಿ ಅಂತಿತ್ತು, ಇಟ್ಟೆ. ಆಮೇಲೆ ಎಲ್ಲರೂ ನನ್ನ ಕೈಯೇ ಸರಿ ಇಲ್ಲ ಅಂದ್ರು. ನಾನೂ ನನ್ನ ಕೈಯೇ ಸರಿ ಇಲ್ಲ ಅಂದ್ಕೊಂಡೆ.”

ನಿರೀಕ್ಷಕರು ಕರಪತ್ರವನ್ನು ಮುಂದೆ ಓದಿದರು, ಹಿಂದೆ ತಿರುಗಿಸಿ ಓದಿದರು, ಮಡಿಕೆ ಬಿಡಿಸಿ ಓದಿದರು. ಆಮೇಲೆ ಇಡೀ ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಎಡಗಡೆ: ಎರಡು ದಿನ ಫ್ರಿಜ್ಜಿನಲ್ಲಿಟ್ಟು ಮಂಜು ಬಿಡಿಸುವುದು. ನಡುವೆ: ಹೂರಣ ತುಂಬುವುದು, ತಡಮಾಡದೆ. ಬಲಗಡೆ: ಓವನ್ನಿಗೆ ಹಾಕುವುದು.

“ಕರಪತ್ರದವರೇ,” ಎಂದರು ಅವರು ಮೆಲ್ಲಗೆ, “ನಡುವಿನ ಭಾಗ ಯಾಕ್ರೀ ಮೇಲೆ ಬಂದಿದೆ?”

“ಕೋಳಿ ಚಿತ್ರ ಅಲ್ಲಿದೆ ಸಾರ್. ಚಿತ್ರ ಮೇಲೆ ಬಂದ್ರೆ ಲಕ್ಷಣವಾಗಿರುತ್ತೆ ಅಂತ ಹಾಗೆ ಮಡಿಚ್ತೀನಿ.”

“ಎಷ್ಟು ವರ್ಷದಿಂದ?”

“ಹನ್ನೊಂದು.”

ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಟೈಲರಮ್ಮನ ಸೂಜಿ ಬಿದ್ದೂ ಬಿತ್ತು. ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯ ಕಥೆ ಎಲ್ಲರಿಗೂ ಗೊತ್ತು. ಒರೆಸಿದ್ದು ತನಗೇ ಗೊತ್ತಿರದ ಕೋತಿಯನ್ನು ಅಂದು ಅಲ್ಲಿದ್ದವರು ಮೊದಲ ಬಾರಿಗೆ ಕಂಡರು.

“ಇದು ಕೆಲಸ ಹೋಗೋ ಅಪರಾಧ! ಹೀಗೆ ಮಡಿಚೋಕೆ ನಿಮಗೆ ಒಪ್ಪಿಗೆ ಕೊಟ್ಟೋರು ಯಾರ್ರೀ?” ಎಂದು ನಿರೀಕ್ಷಕರು ಗುಡುಗಿದರು.

“ನೀವೇ ಸಾರ್. ಮಾದರಿ ತಂದು ತೋರಿಸಿದ್ದೆ. ಲಕ್ಷಣವಾಗಿದೆ ಅಂತ ಹೇಳಿ ಸಹಿ ಹಾಕಿದ್ರಿ.”

ನಿರೀಕ್ಷಕರು ಒಂದು ಗವಸು ಕಳಚಿದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದನ್ನೂ ಕಳಚಿ, ಹಳದಿ ಪಟ್ಟಿಯೊಳಗೆ ಖಾಲಿಯಿದ್ದ ಕುರ್ಚಿಯಲ್ಲಿ ಕೂತರು. “ನಾಳೆ ಬೆಳಿಗ್ಗೆ,” ಎಂದರು ಸಣ್ಣ ದನಿಯಲ್ಲಿ, “ಇರೋ ಬರೋ ಹತ್ತೊಂಬತ್ತನ್ನೆಲ್ಲ ವಾಪಸ್ ತರಿಸಿ, ಒಂದು, ಎರಡು, ಮೂರು ಅಂತ ಅಂಕಿ ಹಾಕಿ, ಸರಿಯಾಗಿ ಮಡಿಚೋಣ. ಇಬ್ಬರೂ ಕೂತು.” ಹೊಂಬಣ್ಣದ ಆ ಕೋಳಿಯನ್ನು ಮೂಳೆಸಹಿತ ಚೀಲಕ್ಕೆ ಹಾಕಿ, ಮೊಹರು ಒತ್ತಿ, ವ್ಯಾನಿಗೆ ಸಾಗಿಸಲಾಯಿತು. ಕರಪತ್ರದವರು ಅದು ಹೋದ ದಾರಿಯನ್ನೇ ನೋಡುತ್ತ ಇಂಗು ತಿಂದ ಮಂಗನಂತೆ ನಿಂತರು.

ಮಾವ ಮಗಳನ್ನೇ ನೋಡುತ್ತಿದ್ದರು. “ಆವತ್ತೇ ಯಾಕಮ್ಮಾ ಹೇಳ್ಲಿಲ್ಲ?”

“ಯಾರು ಕೇಳಿದ್ರು ಅಪ್ಪಾ?”

ಅವಳು ಗಂಡನ ಸೊಂಟದಿಂದ ಟವೆಲನ್ನು ಎಳೆದುಕೊಂಡು ತನ್ನ ಸೊಂಟಕ್ಕೆ ಸುತ್ತಿಕೊಂಡಳು. “ಓವನ್ ಇನ್ನೂ ಬಿಸಿ ಇದೆ. ಬ್ರೆಡ್ಡಿದೆ, ಅಣಬೆ ಇದೆ, ಮೊಟ್ಟೆ ಇದೆ. ಹೂರಣಕ್ಕೆ ಕೋಳಿ ಹೊಟ್ಟೆಯೇ ಆಗ್ಬೇಕು ಅಂತ ಏನಿಲ್ಲ. ಯಾರೂ ಏಳ್ಬೇಡಿ.”

ಆದರೆ ಮಾವ ಎದ್ದರು. ಬಗ್ಗಿ ಹಳದಿ ಪಟ್ಟಿಯ ಕೆಳಗಿಂದ ನುಸುಳಿ ಅಡುಗೆಮನೆಗೆ ಹೋದರು, ಸಾಬೂನು ಹಾಕಿ ಮೊಣಕೈವರೆಗೂ ಕೈ ತೊಳೆದರು, ಹೇಳದೆ ಕೇಳದೆ ಈರುಳ್ಳಿ ಹೆಚ್ಚಲು ಕೂತರು. ಅಪ್ಪ ಮಗಳು ಇಬ್ಬರ ಕಣ್ಣಲ್ಲೂ ನೀರು. ಈರುಳ್ಳಿಯದು ಎಷ್ಟು, ಬೇರೆಯದು ಎಷ್ಟು ಎಂದು ಅಳೆಯುವ ಕಡ್ಡಿ ಉಗ್ರಾಣದಲ್ಲಿಲ್ಲ. ಸಹಾಯಕ್ಕೆಂದು ಬಾಗಿಲಲ್ಲಿ ಮುಖ ತೋರಿಸಿದ ಕರಪತ್ರದವರಿಗೆ ಮಾವ ಚಾಕು ತೋರಿಸಿ, “ಅಳಿಯಂದ್ರೇ, ನೀವು ಅಲ್ಲೇ ಇರಿ. ಏನನ್ನೂ ಮುಟ್ಬೇಡಿ. ಏನನ್ನೂ ಮಡಿಚ್ಬೇಡಿ,” ಎಂದರು.

ನಲವತ್ತು ನಿಮಿಷದ ಮೇಲೆ ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿದ, ಮೇಲೆ ಗರಿಗರಿ, ಒಳಗೆ ಮೆತ್ತನೆಯ ಹೂರಣ ಮೇಜಿಗೆ ಬಂತು. ಕಡ್ಡಿಯನ್ನು ಬಿಸಿನೀರಲ್ಲಿ ತೊಳೆದು, ಒರೆಸಿ ತಂದ ನಿರೀಕ್ಷಕರು ಅದನ್ನು ನಟ್ಟನಡುವೆ ಇಳಿಸಿದರು.

“ಎಪ್ಪತ್ತೊಂಬತ್ತು!” ಎಂದು ಸಾರಿದರು. ಟೈಲರಮ್ಮ ಚಪ್ಪಾಳೆ ತಟ್ಟಿದಳು.

ಮಾವ ಒಂದು ತುತ್ತು ಬಾಯಿಗಿಟ್ಟರು. ಮಗಳು ಸೌಟು ಹಿಡಿದುಕೊಂಡೇ ನಿಂತಿದ್ದಳು. ಅವರು ಅಗಿದರು, ನುಂಗಿದರು, ಮಾತಿಲ್ಲದೆ ತಟ್ಟೆ ಮುಂದಕ್ಕೆ ಚಾಚಿದರು. ಬಡಿಸಿದಳು. ಮತ್ತೆ ಚಾಚಿದರು. ಮತ್ತೆ ಬಡಿಸಿದಳು. ನಿರೀಕ್ಷಕರೂ ಕರ್ತವ್ಯದ ಮೇಲೆ ತಿನ್ನಕೂಡದೆಂಬ ನಿಯಮವನ್ನು ಎರಡು ಸಲ ಮುರಿದರು.

ಕೊನೆಗೆ ಅವರು ಬಾಯಿ ಒರೆಸಿಕೊಂಡು ಹೇಳಿಕೆಯ ಹಾಳೆಯನ್ನು ಎಳೆದುಕೊಂಡರು. “ಒಂದು ಕಲಂ ಬಾಕಿ ಇದೆ ಯಜಮಾನ್ರೇ. ಅಸ್ವಸ್ಥತೆಗೆ ಕಾರಣ ಯಾರು, ಏನು? ಕಾಯಿಲೆ ಬಿದ್ದವರೇ ಹೇಳ್ಬೇಕು. ಬರೆದದ್ದು ಮೇಲಿನವರ ತನಕ ಹೋಗುತ್ತೆ.”

ಗೋಡೆಗೆ ಒರಗಿದ್ದ ಕರಪತ್ರದವರ ಮುಖ ಕಾಗದದಷ್ಟು ಬಿಳಿಚಿತು. ಕಾರಣ ಯಾರೆಂದು ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಗಳು ಅಪ್ಪನನ್ನು ನೋಡಿದಳು. ಮಾವ ಅಳಿಯನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು. ಗಂಟಲು ಸರಿಮಾಡಿಕೊಂಡರು.

“ಬರ್ಕೊಳ್ಳಿ. ಕಾರಣ, ನಾನೇ. ಮಗಳ ಕೈರುಚಿಗೆ ಸೋತು ಮಿತಿ ಮೀರಿ ತಿಂದೆ.”

ನಿರೀಕ್ಷಕರ ಪೆನ್ನು ನಿಂತಿತು. “ಆವತ್ತೂ ಮೂರು ಸಲ ಹಾಕಿಸ್ಕೊಂಡಿದ್ರಾ?”

“ಆವತ್ತು ನಾಲ್ಕು ಸಲ,” ಎಂದ ಮಾವ, ಸಹಿ ಹಾಕಿ ಹಾಳೆಯನ್ನು ಆಚೆ ಸರಿಸಿ ಖಾಲಿ ತಟ್ಟೆಯನ್ನು ಈಚೆ ಎಳೆದುಕೊಂಡರು. “ಹಾಕಮ್ಮಾ. ಲೆಕ್ಕ ಸರಿಹೋಗ್ಲಿ.”